ಐಸ್‌ಕ್ರೀಮ್ ಕಡ್ಡಿಯ ಕಿತಾಪತಿ

ಕೊನೆಗೂ ಕಳ್ಳ ಸಿಕ್ಕಿಬಿದ್ದ. ಎರಡು ಸಲ ಬಿತ್ತನೆ ಹಾಳಾಗಿ, ನೂರಕ್ಕೂ ಜಾಸ್ತಿ ಸಸಿ ನೆಲ ಕಚ್ಚಿದ ಮೇಲೆ. ಚಳಿ ಆಗಲೇ ಬಿಡುತ್ತಾ ಬಂದಿದೆ. ಇಷ್ಟು ಹೊತ್ತಿಗೆ ನನ್ನ ಟೊಮೆಟೊ ಸಸಿಗಳು ಗೇಣುದ್ದ ಆಗಿರಬೇಕಿತ್ತು. ಆದರೂ ಇವತ್ತು ಖುಷಿಯಲ್ಲಿದ್ದೇನೆ, ಯಾಕೆ ಅಂತ ಬರೆದುಬಿಡುತ್ತೇನೆ.

ಬಿತ್ತನೆಗೆ ಮಣ್ಣಿನ ಮಿಶ್ರಣ ಮಾಡಿದ್ದು, ಬೀಜ ನೆನೆಸಿದ್ದು, ಬಿತ್ತಿದ್ದು ಎಲ್ಲ ಮಾಮೂಲೇ. ಆರು ಅಗಲ ಪೆಟ್ಟಿಗೆ: ಟೊಮೆಟೊ, ಬದನೆ, ಬೇಸಿಲ್, ಥೈಮ್, ಪೆಟೂನಿಯ, ಸ್ನ್ಯಾಪ್‌ಡ್ರ್ಯಾಗನ್. ಮೊಳಕೆ ಚೆನ್ನಾಗೇ ಬಂತು. ಬೇಸಿಲ್ ಅಂತೂ ಹುಲ್ಲುಹಾಸಿನ ಹಾಗೆ ಎದ್ದಿತ್ತು. ಒಂದು ರಾತ್ರಿ ಅದರ ಫೋಟೊ ತೆಗೆದು, ಮೆರೆದು, ಮಲಗಿದೆ. ಬೆಳಿಗ್ಗೆ ಎದ್ದು ನೋಡಿದರೆ ನಡುವೆ ಒಂದಷ್ಟು ಸಸಿಗಳು ಬಾಚಣಿಗೆಯಲ್ಲಿ ಬಾಚಿದ ಹಾಗೆ ಅಡ್ಡ ಬಿದ್ದಿವೆ.

ಎಲೆ ಇನ್ನೂ ಹಸಿರೇ. ಬಾಡಿಲ್ಲ, ಮುದುಡಿಲ್ಲ. ಒಂದನ್ನು ಎತ್ತಿ ಬೆಳಕಿಗೆ ಹಿಡಿದೆ. ಮಣ್ಣಿಗೆ ತಾಗುವ ಕಡೆ ಎರಡು ಮಿಲಿಮೀಟರ್‌ನಷ್ಟು ಜಾಗ ಮಾತ್ರ ಬೇಯಿಸಿದಂತೆ ಮೆತ್ತಗಾಗಿ, ಕಂದಾಗಿ, ನೂಲಿನಷ್ಟು ಸಣ್ಣಗಾಗಿತ್ತು. ಅದರ ಮೇಲೆ ಆರೋಗ್ಯವಂತ ಗಿಡ, ಕೆಳಗೆ ಬೇರೇ ಇಲ್ಲ. ಇದನ್ನು ಕಂಡವರಿಗೆ ಬೇರೆ ಹೇಳಬೇಕಾಗಿಲ್ಲ. ಬುಡಕೊಳೆ. ಸಸಿ ಸಾಯುವ ರೋಗ.

ಈ ರೋಗ ತರುವ ಸೂಕ್ಷ್ಮಜೀವಿಗಳಲ್ಲಿ ಮುಖ್ಯವಾಗಿ ಎರಡು ಹೆಸರು ಕೇಳುತ್ತೀರಿ, ಪಿಥಿಯಂ ಮತ್ತು ರೈಜೋಕ್ಟೋನಿಯ. ಪಿಥಿಯಂ ನೋಡಲು ಬೂಷ್ಟಿನಂತಿದ್ದರೂ ನಿಜವಾದ ಶಿಲೀಂಧ್ರ ಅಲ್ಲ, ಕಂದು ಪಾಚಿಗಳ ದೂರದ ನೆಂಟ. ಅದರ ಬೀಜಾಣುಗಳಿಗೆ ಬಾಲ ಇರುತ್ತದೆ. ಮಣ್ಣಿನ ಕಣಗಳ ನಡುವೆ ನೀರಿನ ಪದರ ಇದ್ದರೆ ಸಾಕು, ಈಜಿಕೊಂಡು ಪಕ್ಕದ ಸಸಿಗೆ ಹೋಗುತ್ತವೆ. ಅದಕ್ಕೇ ಈ ರೋಗದಲ್ಲಿ ಎಲ್ಲರೂ ಮೊದಲು ಬೈಯುವುದು ನೀರು ಹಾಕಿದವರನ್ನು.

ನನ್ನನ್ನೂ ನಾನೇ ಬೈದುಕೊಂಡೆ. ಜಾಸ್ತಿ ನೀರು, ಗಾಳಿ ಇಲ್ಲ, ಮುಚ್ಚಳ ತೆಗೆಯಲು ತಡ ಮಾಡಿದೆ, ಎಲ್ಲ ಒಪ್ಪಿಕೊಂಡೆ. ಸ್ನ್ಯಾಪ್‌ಡ್ರ್ಯಾಗನ್ ಒಂದು ಬಿಟ್ಟು ಉಳಿದದ್ದೆಲ್ಲ ಐದಾರು ದಿನದಲ್ಲಿ ಮುಗಿಯಿತು. ಧೂಳಿನಂಥ ಬೀಜ, ಮಣ್ಣು ಮುಚ್ಚದೆ ಬೆಳಕಿಗೇ ಬಿಡಬೇಕಾದ ನಾಜೂಕಿನ ಗಿಡ. ಅದು ಮಾತ್ರ ನಗುತ್ತಾ ನಿಂತಿತ್ತು. ಆಗಲೇ ಅನುಮಾನ ಬರಬೇಕಿತ್ತು, ಅಲ್ವಾ? ಬರಲಿಲ್ಲ.

ಎರಡನೇ ಸಲ ಶಾಸ್ತ್ರೋಕ್ತವಾಗಿ ಇಳಿದೆ. ಪೆಟ್ಟಿಗೆಗಳನ್ನು ಉಜ್ಜಿ ತೊಳೆದು, ಒಂದು ಪಾಲು ಬ್ಲೀಚ್‌ಗೆ ಒಂಬತ್ತು ಪಾಲು ನೀರು ಬೆರೆಸಿ ಅರ್ಧ ಗಂಟೆ ಮುಳುಗಿಸಿಟ್ಟೆ. ಮಿಶ್ರಣವನ್ನು ಒದ್ದೆ ಮಾಡಿ, ಹಳೇ ಪಾತ್ರೆಯಲ್ಲಿ ಹಾಕಿ, ನಡುವೆ ಥರ್ಮಾಮೀಟರ್ ಚುಚ್ಚಿ, 82 ಡಿಗ್ರಿಯಲ್ಲಿ ಅರ್ಧ ಗಂಟೆ ಕಾಯಿಸಿದೆ. ಅದಕ್ಕಿಂತ ಜಾಸ್ತಿ ಕಾಯಿಸಬೇಡಿ, ಗಿಡಕ್ಕೆ ಆಗದ ಅಂಶಗಳು ಬಿಡುಗಡೆಯಾಗುತ್ತವೆ. ವಾಸನೆ ಬಗ್ಗೆ ಏನೂ ಹೇಳುವುದಿಲ್ಲ. ಮಗಳು ಬಂದು ಪಾತ್ರೆಗೆ ಇಣುಕಿ, "ಅಮ್ಮ, ಉಪ್ಪು ಹಾಕಿದ್ದೀಯಾ?" ಅಂದಳು.

ಉಪ್ಪು ಹಾಕುವ ಅಗತ್ಯವೇ ಇರಲಿಲ್ಲ. ಮಿಶ್ರಣಕ್ಕೆ ತಂದ ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಇಟ್ಟಿಗೆಯ ಜೊತೆ ಧಾರಾಳವಾಗಿ ಬಂದಿತ್ತು. ಹೊದಿಕೆಯ ಮೇಲೆ ದಪ್ಪಕ್ಷರದಲ್ಲಿ 'ತೊಳೆದದ್ದು, ಉಪ್ಪು ಕಡಿಮೆ' ಅಂತ ಬರೆದಿದೆ. ನೆನೆಸಿ ಹಿಂಡಿದ ನೀರಿಗೆ ಉಪ್ಪಿನಂಶ ಅಳೆಯುವ ಮೀಟರ್ ಇಟ್ಟರೆ 2.6, ನಲ್ಲಿ ನೀರು ತೋರಿಸುವುದು 0.3. ಮೂರು ಸಲ ತೊಳೆದ ಮೇಲೆ ಮನುಷ್ಯರ ಮಟ್ಟಕ್ಕೆ ಬಂತು. ಮಾರಿದವರಿಗೆ ಫೋಟೊ ಸಮೇತ ಬರೆದರೆ, "ಇನ್ನೊಂದು ಸಲ ತೊಳೆದು ನೋಡಿ" ಅಂತ ಉತ್ತರ. ಅವರು ತೊಳೆದ ಸಲ ಯಾವುದು ಅಂತ ಕೇಳಬೇಕೆನಿಸಿತು. ಅದೇ ಪಾರ್ಸೆಲ್‌ನಲ್ಲಿ ಬಂದ ಪೆಟೂನಿಯ ಪೊಟ್ಟಣದಲ್ಲಿ 100 ಬೀಜ ಅಂತ ಇತ್ತು, ಎಣಿಸಿದರೆ 61. ಹೌದು, ಎಣಿಸಿದೆ. ಅಷ್ಟು ಕೋಪ ಬಂದಿತ್ತು.

ಫ್ಯಾನ್ ಇಟ್ಟೆ. ನೀರು ಮೇಲಿಂದ ಹಾಕುವುದು ಬಿಟ್ಟು, ಪೆಟ್ಟಿಗೆಯನ್ನು ತಟ್ಟೆಯಲ್ಲಿಟ್ಟು ಕೆಳಗಿಂದ ಕುಡಿಸಿದೆ. ರೋಗ ತಡೆಯುವ ಒಳ್ಳೇ ಶಿಲೀಂಧ್ರ ಟ್ರೈಕೋಡರ್ಮಾ ಬೆರೆಸಿದೆ. ಯಾರೋ ಹೇಳಿದರೆಂದು ಚಕ್ಕೆ ಪುಡಿಯನ್ನೂ ಉದುರಿಸಿದೆ. ಪರಿಮಳ ಚೆನ್ನಾಗಿತ್ತು, ಅಷ್ಟೇ. ಮಣ್ಣಿನ ಸಣ್ಣ ಕಪ್ಪು ನೊಣಗಳ ಮರಿಗಳೇ ಬೇರು ಕಡಿದು ರೋಗ ಹರಡುತ್ತಿರಬಹುದು ಎಂದು ಮಣ್ಣಿನ ಮೇಲೆ ಆಲೂಗಡ್ಡೆ ಬಿಲ್ಲೆ ಇಟ್ಟೆ. ಮರಿಗಳಿದ್ದರೆ ಅದರ ಅಡಿಗೆ ಬಂದು ಸೇರುತ್ತವೆ. ಎರಡು ದಿನ ಬಿಟ್ಟು ಎತ್ತಿ ನೋಡಿದರೆ ಒಂದು ಹುಳವೂ ಇಲ್ಲ. ಅವರ ಮೇಲೆ ಸುಮ್ನೆ ಅನುಮಾನ ಪಟ್ಟೆ.

ಹತ್ತನೇ ದಿನ ಮತ್ತೆ ಅದೇ ಕತೆ. ಟೊಮೆಟೊ, ಬದನೆ, ಬೇಸಿಲ್, ಪೆಟೂನಿಯ, ನಾಲ್ಕರಲ್ಲೂ.

ಈ ಸಲ ಅಳು ಬರುವ ಬದಲು ಹಟ ಬಂತು. ಎರಡೂ ಬಿತ್ತನೆಯ ಫೋಟೊಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡುತ್ತಾ ಕೂತೆ. ಬೇಸಿಲ್‌ನಲ್ಲಿ ಸಾವು ಪೂರ್ತಿ ಗುಂಡಗೆ, ನಡುವಿನಿಂದ ಶುರು. ಟೊಮೆಟೊದಲ್ಲಿ ಮೂಲೆಯಿಂದ, ಕಾಲು ಚಕ್ರದ ಹಾಗೆ. ಬದನೆಯಲ್ಲಿ ಅಂಚಿನಿಂದ, ಅರ್ಧ ಚಂದ್ರ. ನೀರು ಜಾಸ್ತಿಯಾಗಿದ್ದೇ ಮೂಲ ಕಾರಣವಾದರೆ ಎಲ್ಲ ಕಡೆ ಒಟ್ಟಿಗೆ ಬೀಳಬೇಕಿತ್ತು. ಇಲ್ಲಿ ಪ್ರತಿ ಪೆಟ್ಟಿಗೆಯಲ್ಲೂ ಯಾವುದೋ ಒಂದು ಬಿಂದುವಿನಿಂದ ಹರಡುತ್ತಿದೆ. ಆ ಬಿಂದುವಿನಲ್ಲಿ ಏನಿದೆ?

ಹೆಸರಿನ ಕಡ್ಡಿ.

ಬೇಸಿಲ್‌ಗೆ ನಡುವೆ ಚುಚ್ಚಿದ್ದೆ, ಟೊಮೆಟೊಗೆ ಮೂಲೆಯಲ್ಲಿ, ಬದನೆಗೆ ಅಂಚಿನಲ್ಲಿ. ಹೋದ ವರ್ಷದ ಮರದ ಐಸ್‌ಕ್ರೀಮ್ ಕಡ್ಡಿಗಳು. ಹಳೇ ಹೆಸರು ಕೆರೆದು, ನಲ್ಲಿ ಕೆಳಗೆ ಹಿಡಿದು ಮತ್ತೆ ಬಳಸಿದ್ದೆ. ಎರಡನೇ ಸಲವೂ ಸತ್ತ ಪೆಟ್ಟಿಗೆಯಿಂದಲೇ ಕಿತ್ತು, ಒರೆಸಿ, ಹೊಸ ಮಿಶ್ರಣಕ್ಕೆ ನೆಟ್ಟಿದ್ದೆ. ಮಣ್ಣು ಬೇಯಿಸಿ, ಪೆಟ್ಟಿಗೆಗೆ ಬ್ಲೀಚ್ ಸ್ನಾನ ಮಾಡಿಸಿ, ಆಮೇಲೆ ರೋಗವನ್ನು ಕೈಯಾರೆ ನಡುವೆ ಚುಚ್ಚಿದ್ದೇನೆ! ಸ್ನ್ಯಾಪ್‌ಡ್ರ್ಯಾಗನ್ ಬದುಕಿದ್ದು ಯಾಕೆ ಅಂತ ಆಗ ಹೊಳೆಯಿತು. ಅದರ ಸರದಿ ಬರುವಾಗ ಕಡ್ಡಿ ಖಾಲಿಯಾಗಿತ್ತು. ಪೆಟ್ಟಿಗೆಯ ಹೊರಗೆ ಟೇಪ್ ಅಂಟಿಸಿ ಹೆಸರು ಬರೆದಿದ್ದೆ.

ಊಹೆ ಸಾಲದು ಅಂತ ಒಂದು ಪರೀಕ್ಷೆ ಇಟ್ಟೆ. ಒಂಬತ್ತು ಹೊಸ ಲೋಟ, ಒಂದೇ ಮಿಶ್ರಣ, ಲೋಟಕ್ಕೆ 12 ಟೊಮೆಟೊ ಬೀಜ. ಮೂರಕ್ಕೆ ಕಡ್ಡಿ ಇಲ್ಲ. ಮೂರಕ್ಕೆ ಹಳೇ ಕಡ್ಡಿ. ಉಳಿದ ಮೂರಕ್ಕೆ 20 ನಿಮಿಷ ಕುದಿಸಿದ ಹಳೇ ಕಡ್ಡಿ. ಎಲ್ಲವನ್ನೂ ಬೇಕಂತಲೇ ಸ್ವಲ್ಪ ಜಾಸ್ತಿ ಒದ್ದೆಯಾಗಿಟ್ಟೆ. ನಿನ್ನೆಗೆ ಹದಿನಾಲ್ಕು ದಿನ. ಹಳೇ ಕಡ್ಡಿಯ ಲೋಟಗಳಲ್ಲಿ ಎದ್ದದ್ದು 33, ಬಿದ್ದದ್ದು 24. ಕುದಿಸಿದ ಕಡ್ಡಿಯವು 31 ಎದ್ದು, 31ರೂ ನಿಂತಿವೆ. ಕಡ್ಡಿ ಇಲ್ಲದವು 32, ಬಿದ್ದದ್ದು ಒಂದು. ಅದಕ್ಕೂ ಕಾರಣ ನನ್ನ ಸ್ವೆಟರ್ ತೋಳು.

ಯೋಚಿಸಿದರೆ ಆಶ್ಚರ್ಯವೇನಿಲ್ಲ. ಮರದಲ್ಲಿ ರಂಧ್ರಗಳು, ಅದರೊಳಗೆ ಹೋದ ವರ್ಷದ ಮಣ್ಣು, ಕೊಳೆತ ಬೇರಿನ ಚೂರು. ಪಿಥಿಯಂನ ದಪ್ಪ ಗೋಡೆಯ ಬೀಜಾಣುಗಳು ಒಣಗಿದ ಮಣ್ಣಿನಲ್ಲೂ ವರ್ಷಗಟ್ಟಲೆ ಕಾಯುತ್ತವೆ, ರೈಜೋಕ್ಟೋನಿಯ ಗಿಡದ ಕಸದಲ್ಲೇ ಬೀಡು ಬಿಡುತ್ತದೆ. ಮರಕ್ಕೆ ಬ್ಲೀಚ್ ಕೂಡ ಅಷ್ಟಾಗಿ ನಾಟುವುದಿಲ್ಲ, ಕಸ ಮತ್ತು ಮರವೇ ಅದರ ಶಕ್ತಿ ಹೀರಿಬಿಡುತ್ತವೆ. ಈಗ ಹಳೇ ಪ್ಲಾಸ್ಟಿಕ್ ಡಬ್ಬಿ ಕತ್ತರಿಸಿ ಪಟ್ಟಿ ಮಾಡಿಕೊಂಡಿದ್ದೇನೆ. ಬರೆಯುವುದು ಪೆನ್ಸಿಲ್‌ನಲ್ಲಿ. 'ಅಳಿಸದ' ಮಾರ್ಕರ್ ಎರಡು ತಿಂಗಳ ಬಿಸಿಲಿಗೆ ಮಾಯವಾಗುತ್ತದೆ, ಪೆನ್ಸಿಲ್ ಗೀಟು ಹಾಗೇ ಇರುತ್ತದೆ.

ಅಂದಹಾಗೆ, ಮುಂದಿನ ಹುಚ್ಚು ಶುರುವಾಗಿದೆ. ಮನೆಯಲ್ಲಿ ಹಳೇ ಕಿಟಕಿಯ ಚೌಕಟ್ಟೊಂದು ಗಾಜಿನ ಸಮೇತ ಬಿದ್ದಿದೆ. ಅದನ್ನು ಇಳಿಜಾರಿನ ಹಲಗೆ ಪೆಟ್ಟಿಗೆಯ ಮೇಲೆ ಕೂರಿಸಿದರೆ ಸಸಿಗಳನ್ನು ಹೊರಗಿನ ಗಾಳಿ ಬಿಸಿಲಿಗೆ ಪಳಗಿಸಬಹುದು. ಬಿಸಿಲೇರಿದಾಗ ಗಾಜು ತೆಗೆಯಲು ಮರೆತರೆ ಎಲ್ಲ ಬೆಂದುಹೋಗುತ್ತವೆ, ನಾನು ಮರೆತೇ ಮರೆಯುತ್ತೇನೆ. ಅದಕ್ಕೊಂದು ಚೆಂದದ ಯಂತ್ರ ಇದೆ. ಕೊಳವೆಯಲ್ಲಿ ಮೇಣ, ಬಿಸಿಗೆ ಹಿಗ್ಗಿ ದಂಡವನ್ನು ತಳ್ಳುತ್ತದೆ, ಗಾಜು ತಾನೇ ಏಳುತ್ತದೆ. ಕರೆಂಟ್ ಬೇಡ. ತೂಕ ಎಷ್ಟು ಎತ್ತುತ್ತದೆ ಅಂತ ಮಾರುವವರನ್ನು ಕೇಳಿದರೆ "ಮೀಡಿಯಂ" ಅನ್ನುತ್ತಾರೆ. ಮೀಡಿಯಂ ಎಷ್ಟು ಕಿಲೋ ಸ್ವಾಮಿ?

ಇರಲಿ. ಟೊಮೆಟೊ, ಬದನೆ, ಬೇಸಿಲ್ ಇವತ್ತು ಮೂರನೇ ಸಲ ಬಿತ್ತಿದೆ. ಥೈಮ್ ಬೀಜ ಮುಗಿದಿದೆ, ಯಾರ ಹತ್ತಿರವಾದರೂ ಕಡ್ಡಿ ಬೇಡಿ ನೆಡಬೇಕು (ಥೈಮ್ ಕಡ್ಡಿ!). ಸ್ನ್ಯಾಪ್‌ಡ್ರ್ಯಾಗನ್‌ಗೆ ಮೂರನೇ ಜೋಡಿ ಎಲೆ ಬಂದಿದೆ, ಭಾನುವಾರ ಬೇರೆ ಕುಂಡಕ್ಕೆ.

ಆ ಆರರ ಹೊರತಾಗಿ ಬೇರೆಯಾಗಿ ಬಿತ್ತಿದ್ದ ಮೆಣಸಿನಕಾಯಿಯ ಎರಡು ಪೆಟ್ಟಿಗೆಗಳೂ ಉಳಿದುಕೊಂಡವು. ಅವು ಮೊಳೆಯುವುದೇ ನಿಧಾನ ತಾನೇ? ಕಡ್ಡಿಯ ವಿಷಯ ಹೊಳೆದ ರಾತ್ರಿ ಓಡಿಹೋಗಿ ಎರಡರ ಕಡ್ಡಿಯನ್ನೂ ಕಿತ್ತು, ಸುತ್ತಲಿನ ಮಣ್ಣನ್ನು ಚಮಚದಲ್ಲಿ ತೋಡಿ ಎಸೆದಿದ್ದೆ. ಈಗ ಎರಡರಲ್ಲೂ ಸಸಿಗಳು ಸೊಗಸಾಗಿ ಎದ್ದಿವೆ. ಒಂದು ಸಿಹಿ ತಳಿ, ಇನ್ನೊಂದು ಕಣ್ಣಲ್ಲಿ ನೀರು ಬರಿಸುವ ಖಾರ. ಗಾಬರಿಯಲ್ಲಿ ಕಿತ್ತ ಕಡ್ಡಿಗಳು ಯಾವ ಪೆಟ್ಟಿಗೆಯವು ಅಂತ ನೋಡಲಿಲ್ಲ. ಕಾಯಿ ಬಿಟ್ಟಾಗ ಮೊದಲು ಕಚ್ಚುವವರು ಯಾರು ಅಂತ ಮನೆಯಲ್ಲಿ ಈಗಲೇ ಜಗಳ.