ಕ್ಲೆರ್ಮಾಂ-ಫೆರಾಂ: ಬಹುಮಾನಿತ ಕಿರುಚಿತ್ರಗಳ ಊರಿಗೆ

ಮಧ್ಯ ಫ್ರಾನ್ಸಿನ ಕ್ಲೆರ್ಮಾಂ-ಫೆರಾಂನಲ್ಲಿ ವರ್ಷವರ್ಷವೂ ಕಿರುಚಿತ್ರಗಳ ಅಂತರರಾಷ್ಟ್ರೀಯ ಉತ್ಸವ ನಡೆಯುತ್ತದೆ. ಅದಕ್ಕೆಂದು ಪ್ಯಾರಿಸ್‌ನಿಂದ ರೈಲು ಹಿಡಿಯುವವರು ಮೊದಲು ಎಡವುವುದು ನಿಲ್ದಾಣದಲ್ಲಿ. ದಕ್ಷಿಣದ ಕಡೆಗೆ ಹೋಗುವ ರೈಲು ಅಂದ ಮಾತ್ರಕ್ಕೆ ಗಾರ್ ದ ಲಿಯೋಂಗೆ ಹೋಗಿ ನಿಲ್ಲುತ್ತಾರೆ. ಈ ರೈಲು ಹೊರಡುವುದು ಅದರ ಹತ್ತಿರದ ಬೆರ್ಸಿ ನಿಲ್ದಾಣದಿಂದ. ಶಾರ್ಲ್ ದ ಗಾಲ್ ವಿಮಾನ ನಿಲ್ದಾಣದಿಂದ ಆರ್‌ಇಆರ್ ಬಿ ಎಂಬ ಉಪನಗರ ರೈಲು ಹಿಡಿದು ಶಾತ್ಲೆಯಲ್ಲಿ ಇಳಿಯಿರಿ. ಅಲ್ಲಿಂದ 14ನೇ ಮೆಟ್ರೊ ನೇರ ಬೆರ್ಸಿಗೆ ಬಿಡುತ್ತದೆ. ಅತಿವೇಗದ ಟಿಜಿವಿ ಈ ಊರಿಗಿಲ್ಲ. ಸಾಧಾರಣ ಇಂಟರ್‌ಸಿಟಿಯಲ್ಲಿ ಸುಮಾರು ಮೂರೂವರೆ ಗಂಟೆ, ಮೇಲೆ ಹೊತ್ತಿಗೆ ಸರಿಯಾಗಿ ತಲುಪುವುದರಲ್ಲಿ ಈ ಮಾರ್ಗಕ್ಕೆ ಒಳ್ಳೆಯ ಹೆಸರೇನೂ ಇಲ್ಲ. ವಿಮಾನ ಇಳಿದ ದಿನವೇ ಸಂಜೆಯ ಆಟಕ್ಕೆ ಟಿಕೆಟ್ ತೆಗೆದಿಟ್ಟರೆ ಅದು ನೀರಿನಲ್ಲಿ ಹೋಮ.

ಬೆಂಗಳೂರಿನಿಂದ ಪ್ಯಾರಿಸ್‌ಗೆ ನೇರ ವಿಮಾನವಿದೆ. ಫ್ರಾನ್ಸಿಗೆ ಬೇಕಾದ ಷೆಂಗೆನ್ ವೀಸಾಕ್ಕೆ ಪ್ರಯಾಣದ ಆರು ತಿಂಗಳ ಮುಂಚಿನಿಂದ ಅರ್ಜಿ ಹಾಕಬಹುದು. ಕನಿಷ್ಠ 30,000 ಯೂರೊ ವೈದ್ಯಕೀಯ ವಿಮೆ ಕಡ್ಡಾಯ. ಉತ್ಸವ ನಡೆಯುವುದು ಜನವರಿ ಕೊನೆಗೆ ಶುರುವಾಗಿ ಫೆಬ್ರವರಿ ಮೊದಲ ದಿನಗಳವರೆಗೆ. ಹಾಗಾಗಿ ನವೆಂಬರ್ ಹೊತ್ತಿಗೆ ವೀಸಾ ಮತ್ತು ಹೋಟೆಲು ಎರಡೂ ಮುಗಿದಿರಬೇಕು. ಊರು ದೊಡ್ಡದಲ್ಲ, ಆ ವಾರ ಕೋಣೆಗಳು ಬೇಗ ತುಂಬುತ್ತವೆ.

ಇದು ಮಿಶೆಲಿನ್ ಟೈರಿನ ಊರು. ಇಲ್ಲಿನ ಟ್ರಾಮ್ ಕೂಡ ರಬ್ಬರ್ ಚಕ್ರದ ಮೇಲೆ ಓಡುವಂಥದ್ದು, ದಾರಿ ತೋರಲು ನಡುವೆ ಒಂದೇ ಒಂದು ಕಂಬಿ. ಕೆಥೆಡ್ರಲ್ ಪೂರ್ತಿ ಕಪ್ಪು. ಸುತ್ತಲಿನ ಆರಿದ ಜ್ವಾಲಾಮುಖಿಗಳ ವೋಲ್ವಿಕ್ ಲಾವಾಕಲ್ಲಿನಲ್ಲಿ ಕಟ್ಟಿದ್ದು. ರೈಲು ನಿಲ್ದಾಣದಿಂದ ಪ್ಲಾಸ್ ದ ಜೋದ್ ಚೌಕಕ್ಕೆ ಇಪ್ಪತ್ತು ನಿಮಿಷದ ನಡಿಗೆ. ಅಲ್ಲಿ ಕುದುರೆ ಏರಿದ ವರ್ಸೆಂಜೆಟೊರಿಕ್ಸ್‌ನ ಪ್ರತಿಮೆಯಿದೆ. ಸ್ವಾತಂತ್ರ್ಯ ದೇವಿಯ ಪ್ರತಿಮೆ ಮಾಡಿದ ಬಾರ್ತೋಲ್ದಿಯದೇ ಕೆಲಸ. ಕ್ರಿ.ಪೂ. 52ರಲ್ಲಿ ಈ ಊರಿನ ಪಕ್ಕದ ಗುಡ್ಡದಲ್ಲಿ ಸೀಸರನ ಸೈನ್ಯವನ್ನು ಹಿಮ್ಮೆಟ್ಟಿಸಿದ, ಗಾಲ್ ಎಂಬ ಇಲ್ಲಿನ ಪ್ರಾಚೀನ ಜನರ ನಾಯಕ ಇವನು. ಉತ್ಸವದಲ್ಲಿ ಗೆದ್ದವರು ಮನೆಗೆ ಒಯ್ಯುವ ಪಾರಿತೋಷಕಕ್ಕೂ ಇವನದೇ ಹೆಸರು.

ಉತ್ಸವದ ಬೇರು ಇರುವುದು 1979ರಲ್ಲಿ ವಿದ್ಯಾರ್ಥಿಗಳ ಸಿನಿಮಾ ಕೂಟವೊಂದು ನಡೆಸಿದ ಕಿರುಚಿತ್ರ ವಾರದಲ್ಲಿ. 1982ರಲ್ಲಿ ಸ್ಪರ್ಧೆ ಬಂತು, 1988ರಲ್ಲಿ ಅಂತರರಾಷ್ಟ್ರೀಯ ಸ್ಪರ್ಧೆ. ಈಗ ಕಿರುಚಿತ್ರಕ್ಕೆಂದೇ ನಡೆಯುವ ಉತ್ಸವಗಳಲ್ಲಿ ಇದಕ್ಕಿಂತ ದೊಡ್ಡದಿಲ್ಲ. ಕಾನ್ ಚಿತ್ರೋತ್ಸವದಂತೆ ಕೊರಳಿಗೆ ಬಿಲ್ಲೆ ಇದ್ದವರಿಗಷ್ಟೇ ಬಾಗಿಲು ತೆರೆಯುವ ಜಾತ್ರೆಯಲ್ಲ. ಟಿಕೆಟ್ ಕೊಂಡ ಯಾರು ಬೇಕಾದರೂ ಒಳಗೆ. ಒಂದು ಆಟಕ್ಕೆ ಕೆಲವೇ ಯೂರೊ, ಹಲವು ಆಟಗಳ ಕಟ್ಟು ತೆಗೆದುಕೊಂಡರೆ ಇನ್ನೂ ಅಗ್ಗ. ಸ್ಥಳೀಯರು ಕಟ್ಟನ್ನೇ ಕೊಳ್ಳುವುದು.

ವೇಳಾಪಟ್ಟಿ ಓದುವುದನ್ನು ಕಲಿತರೆ ಅರ್ಧ ಕೆಲಸ ಮುಗಿದಂತೆ. ಚಿತ್ರಗಳನ್ನು ಬಿಡಿಬಿಡಿಯಾಗಿ ತೋರಿಸುವುದಿಲ್ಲ, ನಾಲ್ಕಾರು ಚಿತ್ರಗಳ ಕಂತೆ ಮಾಡಿರುತ್ತಾರೆ. ‘ಐ’ ಅಕ್ಷರದವು ಅಂತರರಾಷ್ಟ್ರೀಯ, ‘ಎಫ್’ ಫ್ರೆಂಚ್ ಚಿತ್ರಗಳು, ‘ಎಲ್’ ಅಂದರೆ ಲ್ಯಾಬೊ, ಪ್ರಯೋಗದವು. ಒಂದೊಂದು ಕಂತೆ ಸುಮಾರು ಒಂದೂವರೆ ಗಂಟೆ. ಅದೇ ಕಂತೆ ವಾರವಿಡೀ ಬೇರೆ ಬೇರೆ ಚಿತ್ರಮಂದಿರಗಳಲ್ಲಿ, ಬೇರೆ ಬೇರೆ ಹೊತ್ತಿನಲ್ಲಿ ಮರಳಿ ಬರುತ್ತದೆ. ಆದ್ದರಿಂದ ಚಿತ್ರದ ಹೆಸರು ಹಿಡಿದು ಓಡಾಡಬೇಡಿ, ಕಂತೆಯ ಸಂಖ್ಯೆ ಗುರುತು ಹಾಕಿಕೊಳ್ಳಿ. ಮಂಗಳವಾರ ತಪ್ಪಿದ್ದು ಗುರುವಾರ ಸಿಗುತ್ತದೆ. ಇಂಗ್ಲಿಷ್ ಉಪಶೀರ್ಷಿಕೆ ಇರುವ ಆಟ ಯಾವುದೆಂದು ಮಾತ್ರ ಮೊದಲೇ ನೋಡಿಕೊಳ್ಳಿ. ಫ್ರೆಂಚ್ ಬಾರದವರು ‘ಎಫ್’ ಕಂತೆಗೆ ಕಣ್ಣುಮುಚ್ಚಿ ನುಗ್ಗಿದರೆ ಮಾತೇ ಹೆಚ್ಚಿರುವ ಚಿತ್ರದಲ್ಲಿ ಕಂಗಾಲು.

ಮುಖ್ಯ ಜಾಗ ಮೆಜೊಂ ದ ಲಾ ಕುಲ್ತುರ್ ಎಂಬ ಸಾಂಸ್ಕೃತಿಕ ಭವನ. ಅದರ ಕೊಕ್ತೊ ಸಭಾಂಗಣದಲ್ಲಿ ಸುಮಾರು 1,400 ಜನ ಕೂರಬಹುದು. ಒಂದೊಂದು ಆಟಕ್ಕೆ ಅದೂ ತುಂಬಿ, ಸಾಲು ಬೀದಿಗೆ ಬಂದಿರುತ್ತದೆ. ಕೈಯಲ್ಲಿ ಟಿಕೆಟ್ ಇದ್ದರೂ ಅರ್ಧ ಗಂಟೆ ಮೊದಲು ಹೋಗುವುದು ಲೇಸು. ದೊಡ್ಡ ಸಿನಿಮಾಕ್ಕೆ ಹದಿನೈದು ನಿಮಿಷ ತಡವಾದರೆ ಕಥೆಯ ತಲೆಬುಡ ಹೇಗೋ ಹೊಂದಿಸಿಕೊಳ್ಳಬಹುದು. ಇಲ್ಲಿ ಅಷ್ಟರಲ್ಲಿ ಒಂದು ಚಿತ್ರವೇ ಮುಗಿದುಹೋಗಿರುತ್ತದೆ. ನಗೆಯ ಚಿತ್ರ, ಅನಿಮೇಶನ್ ಇರುವ ಕಂತೆಗಳನ್ನು ಕೊಕ್ತೊದಲ್ಲೇ ನೋಡಿ, ಸಾವಿರ ಜನ ಒಟ್ಟಿಗೆ ನಗುವ ಸದ್ದಿಗೆ ಬೇರೆಯದೇ ಬೆಲೆ. ಲ್ಯಾಬೊ ಚಿತ್ರಗಳಿಗೆ ಚಿಕ್ಕ ಮಂದಿರವೇ ವಾಸಿ. ದಿನಕ್ಕೆ ಮೂರು ಕಂತೆ ಸಾಕು. ನಾಲ್ಕನೆಯದರ ಹೊತ್ತಿಗೆ ಯಾವ ಹುಡುಗ ಯಾವ ಚಿತ್ರದವನು ಎಂಬುದೇ ಕಲಸಿಹೋಗುತ್ತದೆ.

ಬಹುಮಾನ ಘೋಷಣೆ ಕೊನೆಯ ಶನಿವಾರ ಸಂಜೆ. ಗೆದ್ದವನ್ನಷ್ಟೇ ಆಮೇಲೆ ನೋಡಿದರಾಯಿತು ಎಂದು ಲೆಕ್ಕ ಹಾಕುವವರು ಬಹಳ. ಅದು ನಷ್ಟದ ಲೆಕ್ಕ. ಕಂತೆ ಕಟ್ಟುವವರು ಭಾರದ ಚಿತ್ರದ ಪಕ್ಕ ಹಗುರದ್ದು, ಮಾತಿನ ಚಿತ್ರದ ಪಕ್ಕ ಮೌನದ್ದು ಇಟ್ಟು ಜೋಡಿಸಿರುತ್ತಾರೆ. ಗೆದ್ದವನ್ನು ಮಾತ್ರ ಕಿತ್ತು ಒಂದೆಡೆ ಸೇರಿಸಿದಾಗ ಆ ಏರಿಳಿತ ಹೋಗಿ, ಗಂಭೀರವಾದದ್ದರ ಮೇಲೆ ಗಂಭೀರವಾದದ್ದು ಬಂದು ಬೀಳುತ್ತದೆ. ಯಾವುದನ್ನು ಹಿಂದಿಕ್ಕಿ ಇದು ಗೆದ್ದಿತು ಎಂಬುದೂ ತಿಳಿಯುವುದಿಲ್ಲ.

‘ಕ್ಲೆರ್ಮಾಂನಲ್ಲಿ ಬಹುಮಾನ’ ಅಂದರೂ ಯಾವ ಬಹುಮಾನ ಎಂದು ಕೇಳಬೇಕು. ‘ಐ’, ‘ಎಫ್’, ‘ಎಲ್’ ಮೂರು ಸ್ಪರ್ಧೆಗೂ ಬೇರೆ ಬೇರೆ ತೀರ್ಪುಗಾರರು, ಬೇರೆ ಬೇರೆ ಗ್ರಾಂ ಪ್ರಿ, ಅಂದರೆ ಅಗ್ರ ಬಹುಮಾನ. ಪ್ರೇಕ್ಷಕರ ಮತದ ಬಹುಮಾನ ಪ್ರತ್ಯೇಕ. ಇವೆರಡೂ ಒಂದೇ ಚಿತ್ರಕ್ಕೆ ಬರುವುದು ಅಪರೂಪ, ಬಂದರೆ ಆ ಚಿತ್ರವನ್ನು ಬಿಡಬಾರದು. 2013ರಲ್ಲಿ ಹಾಗಾಯಿತು. ಝಾವಿಯೆ ಲಗ್ರಾಂನ ‘ಅವಾಂ ಕ ದ ತೂ ಪೆರ್ದ್ರ್’ ರಾಷ್ಟ್ರೀಯ (‘ಎಫ್’) ಸ್ಪರ್ಧೆಯ ಗ್ರಾಂ ಪ್ರಿಯ ಜೊತೆಗೆ ಪ್ರೇಕ್ಷಕರ ಬಹುಮಾನವನ್ನೂ ಪಡೆಯಿತು. ಶಾಲೆಗೆಂದು ಹೊರಟ ಹುಡುಗ ಸೇತುವೆಯ ಕೆಳಗೆ ಅವಿತು ಕೂರುತ್ತಾನೆ. ಅಕ್ಕ ಬಸ್ ನಿಲ್ದಾಣದಲ್ಲಿ ಅಳುತ್ತಿರುತ್ತಾಳೆ. ತಾಯಿ ಇಬ್ಬರನ್ನೂ ಕಾರಿಗೆ ಹತ್ತಿಸಿಕೊಂಡು ತಾನು ಕೆಲಸ ಮಾಡುವ ಸೂಪರ್ ಮಾರ್ಕೆಟ್‌ಗೆ ಹೋಗುತ್ತಾಳೆ. ಗಂಡನ ಹೊಡೆತ ತಾಳದೆ ಊರು ಬಿಡುತ್ತಿದ್ದಾಳೆ ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ನಮಗೇ ನಿಧಾನಕ್ಕೆ ಹೊಳೆಯುತ್ತದೆ. ಅಷ್ಟರಲ್ಲಿ ಗಂಡ ಅದೇ ಅಂಗಡಿಗೆ ಬಂದು ನಿಲ್ಲುತ್ತಾನೆ. ಒಟ್ಟು ಅರ್ಧ ಗಂಟೆ. ಕಾನ್‌ನ ಕಿರುಚಿತ್ರ ಸ್ಪರ್ಧೆಗೆ ಹದಿನೈದು ನಿಮಿಷದ ಮಿತಿ ಇರುವುದರಿಂದ ಇಂಥ ಚಿತ್ರಕ್ಕೆ ಅಲ್ಲಿ ಜಾಗವೇ ಇರಲಿಲ್ಲ. ಆಸ್ಕರ್‌ಗೆ ನಲವತ್ತು ನಿಮಿಷದವರೆಗೆ ನಡೆಯುತ್ತದೆ, ಅಲ್ಲಿ ಇದು ನಾಮನಿರ್ದೇಶನ ಪಡೆಯಿತು.

ಕಾನ್‌ನಲ್ಲಿ ಸಿನಿಮಾ ಶಾಲೆಗಳ ವಿಭಾಗವಾದ ಲಾ ಸಿನೆಫ್ ಬೇರೆಯೇ ಇದೆ. 2024ರಲ್ಲಿ ಅಲ್ಲಿ ಮೊದಲ ಬಹುಮಾನ ಪಡೆದದ್ದು ಕನ್ನಡದ ಚಿತ್ರ. ಮೈಸೂರಿನಲ್ಲಿ ವೈದ್ಯಕೀಯ ಓದಿ ಪುಣೆಯ ಸಿನಿಮಾ ಶಾಲೆ ಸೇರಿದ ಚಿದಾನಂದ ಎಸ್. ನಾಯ್ಕ್ ಹುಂಜ ಕದ್ದ ಅಜ್ಜಿಯ ಜನಪದ ಕಥೆಯನ್ನು ಹದಿನಾರು ನಿಮಿಷದಲ್ಲಿ ಹೇಳಿದ್ದು.

ಊಟದ ವಿಷಯ. ಮಧ್ಯಾಹ್ನ ಎರಡಾದರೆ ಅಡುಗೆಮನೆ ಬಂದ್, ಮತ್ತೆ ಒಲೆ ಹೊತ್ತುವುದು ಏಳಕ್ಕೆ. ಆ ಹೊತ್ತಿನಲ್ಲಿ ಆಟ ಇಟ್ಟುಕೊಂಡವರು ಬ್ರೆಡ್ಡು, ಸ್ಯಾಂ-ನೆಕ್ತೇರ್ ಚೀಸ್ ಚೀಲದಲ್ಲಿಟ್ಟುಕೊಳ್ಳಿ. ಆಲೂಗೆಡ್ಡೆ-ಚೀಸಿನ ತ್ರುಫಾದ್ ಇಲ್ಲಿನ ವಿಶೇಷ. ಅದರ ಜೊತೆ ಹಂದಿಮಾಂಸ ಬಡಿಸುವುದು ವಾಡಿಕೆ, ಸಸ್ಯಾಹಾರಿಗಳು ಮೊದಲೇ ಹೇಳಬೇಕು.

ಭಾನುವಾರ ಎಲ್ಲರೂ ಒಟ್ಟಿಗೆ ಪ್ಯಾರಿಸ್‌ಗೆ ಹೊರಡುವುದರಿಂದ ರೈಲಿನಲ್ಲಿ ಜಾಗ ಸಿಗುವುದು ಕಷ್ಟ. ಸೋಮವಾರಕ್ಕೆ ಟಿಕೆಟ್ ಮಾಡಿಸಿ, ಭಾನುವಾರ 1,465 ಮೀಟರ್ ಎತ್ತರದ ಪ್ಯೂಯಿ ದ ದೋಮ್ ಬೆಟ್ಟ ಹತ್ತಬಹುದು. ಹಲ್ಲುಕಂಬಿಯ ರೈಲು ತುದಿಯವರೆಗೆ ಒಯ್ಯುತ್ತದೆ, ಚಳಿಗಾಲದಲ್ಲಿ ಅದು ಓಡುವ ವೇಳೆಯನ್ನು ಮೊದಲೇ ನೋಡಿಕೊಂಡು ಹೋಗಿ. ಬೆಳಿಗ್ಗೆ ಊರಿನಿಂದಲೇ ತುದಿ ಕಾಣದಿದ್ದರೆ ಮೇಲೆ ಬರೀ ಮೋಡ, ಟಿಕೆಟ್ ದುಡ್ಡು ದಂಡ.