ಹಳೆಯ ಕಾರು ಟ್ರಾಫಿಕ್‌ನಲ್ಲಿ ನಿಲ್ಲುತ್ತಿದ್ದರೆ ಮೊದಲು ಎಲ್ಲಿ ನೋಡಬೇಕು?

ಖಾಲಿ ರಸ್ತೆಯಲ್ಲಿ ಗಂಟೆಗಟ್ಟಲೆ ಓಡುವ ಹಳೆಯ ಕಾರು ಸಿಗ್ನಲ್‌ನಲ್ಲಿ ಪದೇ ಪದೇ ಆಫ್ ಆದರೆ ಹೆಚ್ಚಿನವರ ಕೈ ಮೊದಲು ಹೋಗುವುದು ಪೆಟ್ರೋಲನ್ನು ಗಾಳಿಗೆ ಬೆರೆಸುವ ಕಾರ್ಬುರೇಟರಿನ ಸ್ಕ್ರೂ ಕಡೆಗೆ. ದಯವಿಟ್ಟು ಅದನ್ನು ಮುಟ್ಟಬೇಡಿ. ಐಡ್ಲಿಂಗ್ (ಆಕ್ಸಿಲರೇಟರ್ ಒತ್ತದಿದ್ದಾಗ ಎಂಜಿನ್ ತಿರುಗುವ ವೇಗ) ಏರಿಸಿದರೆ ಕೆಲವು ದಿನ ಗಾಡಿ ನಿಲ್ಲದೆ ಓಡಬಹುದು, ಆದರೆ ದೋಷ ಹಾಗೇ ಉಳಿಯುತ್ತದೆ. ಜೊತೆಗೆ, ಹೋಲಿಸಿ ನೋಡಲು ಇದ್ದ ಹಳೆಯ ಸೆಟ್ಟಿಂಗೂ ಕೈತಪ್ಪುತ್ತದೆ.

ಟ್ರಾಫಿಕ್‌ನಲ್ಲಿ ಎಂಜಿನ್ ನಿಧಾನ ತಿರುಗುತ್ತದೆ, ಬೆಲ್ಟಿನ ಫ್ಯಾನೂ ನಿಧಾನ. ಬಾನೆಟ್ ಒಳಗೆ ಬಿಸಿ ಏರುತ್ತದೆ. ಬ್ಯಾಟರಿ ಚಾರ್ಜ್ ಮಾಡಲು ಹಳೆಯ ಬಗೆಯ ಡೈನಮೋ ಇರುವ ಗಾಡಿಯಲ್ಲಿ ಐಡ್ಲಿಂಗ್‌ನಲ್ಲಿ ಚಾರ್ಜಿಂಗ್ ಬಹುತೇಕ ಇರುವುದೇ ಇಲ್ಲ. ವೇಗದಲ್ಲಿ ಮರೆಯಾಗಿದ್ದ ಸಣ್ಣ ದೋಷವೂ ಇಲ್ಲಿ ಹೊರಬೀಳುತ್ತದೆ. ಹಾಗಾಗಿ ಪರೀಕ್ಷೆಯನ್ನೂ ಎಂಜಿನ್ ಬಿಸಿಯಿರುವಾಗಲೇ, ನಿಂತ ತಕ್ಷಣವೇ ಮಾಡಬೇಕು. ಮರುದಿನ ಬೆಳಿಗ್ಗೆ ತಣ್ಣಗಿರುವ ಎಂಜಿನ್ ನೋಡಿದರೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ.

ಗಾಡಿ ಯಾವ ರೀತಿ ನಿಂತಿತು ಎಂಬುದನ್ನು ಗಮನಿಸಿ. ಕೀಲಿ ತಿರುಗಿಸಿ ಆಫ್ ಮಾಡಿದಂತೆ ಒಮ್ಮೆಲೇ ನಿಂತರೆ ಬಹುಮಟ್ಟಿಗೆ ಇಗ್ನಿಷನ್ ದೋಷ. ತಡವರಿಸುತ್ತಾ, ಶಕ್ತಿ ಕಳೆದುಕೊಳ್ಳುತ್ತಾ ನಿಂತರೆ ಪೆಟ್ರೋಲ್ ಸಾಲುತ್ತಿಲ್ಲ. ಒರಟಾಗಿ ಅಲುಗಾಡಿ, ಸೈಲೆನ್ಸರಿನಿಂದ ಕಪ್ಪು ಹೊಗೆ ಬಿಟ್ಟು ನಿಂತರೆ ಪೆಟ್ರೋಲ್ ಹೆಚ್ಚಾಗಿದೆ. ಬ್ರೇಕ್ ಒತ್ತಿದಾಗ ಮಾತ್ರ ನಿಲ್ಲುತ್ತಿದ್ದರೆ ಬ್ರೇಕ್ ಬೂಸ್ಟರಿನ ಡಯಾಫ್ರಾಂ (ರಬ್ಬರ್ ಪೊರೆ) ಅಥವಾ ಅದರ ವ್ಯಾಕ್ಯೂಮ್ ಪೈಪ್ ಮೇಲೆ ಅನುಮಾನ ಇಡಿ, ಇಲ್ಲವೇ ಪೆಟ್ರೋಲ್ ಮುಂದಕ್ಕೆ ನುಗ್ಗುವಂತೆ ಫ್ಲೋಟ್ (ಕಾರ್ಬುರೇಟರಿನ ಬಟ್ಟಲಲ್ಲಿ ಪೆಟ್ರೋಲ್ ಮಟ್ಟ ಕಾಯುವ ತೇಲುಬುರುಡೆ) ಮಟ್ಟ ತಪ್ಪಿದೆಯೇ ನೋಡಿ.

ನಿಂತ ಕೂಡಲೇ ಕಿಡಿ ನೋಡಿ. ಇದಕ್ಕೆ ಸ್ಪಾರ್ಕ್ ಟೆಸ್ಟರ್ ಬಳಸಿ. ಕಾರ್ಬುರೇಟರಿನಿಂದ ಆವಿ ಏಳುತ್ತಿರುವಾಗ ತೆರೆದ ಕಿಡಿ ಹಾರಿಸುವುದು ಅಪಾಯ. ಕಿಡಿ ನೀಲಿಯಾಗಿ, ಬಿರುಸಾಗಿ ಬಂದರೆ ಪೆಟ್ರೋಲ್ ಕಡೆ ಹೋಗಿ. ಹಳದಿಯಾಗಿ ಸೊರಗಿದ್ದರೆ ಅಥವಾ ಕಿಡಿಯೇ ಇಲ್ಲದಿದ್ದರೆ, ಪ್ಲಗ್‌ಗಳಿಗೆ ಸರದಿಯಂತೆ ಕಿಡಿಯ ವಿದ್ಯುತ್ ಹಂಚುವ ಡಿಸ್ಟ್ರಿಬ್ಯೂಟರ್ ಕಡೆ.

ಬಿಸಿಯಾದಾಗ ಕೈಕೊಡುವ ಭಾಗಗಳಲ್ಲಿ ಮೊದಲನೆಯದು ಕಂಡೆನ್ಸರ್. ಪಾಯಿಂಟುಗಳು (ಡಿಸ್ಟ್ರಿಬ್ಯೂಟರ್ ಒಳಗೆ ತೆರೆದು ಮುಚ್ಚಿ ಕಿಡಿ ಹುಟ್ಟಿಸುವ ಸ್ವಿಚ್) ಸುಡದಂತೆ ಕಾಯುವ ಸಣ್ಣ ಭಾಗ ಅದು. ತಣ್ಣಗಿರುವಾಗ ಮೀಟರಿನಲ್ಲಿ ಸರಿಯಾಗಿ ತೋರಿಸಿ, ಕಾದಾಗ ಒಳಗೇ ಸೋರುವ ಕಂಡೆನ್ಸರ್‌ಗಳು ಧಾರಾಳ. ಆದ್ದರಿಂದ ಖಚಿತವಾಗಿ ಚೆನ್ನಾಗಿರುವ ಇನ್ನೊಂದನ್ನು ಹಾಕಿ ನೋಡುವುದೇ ನಂಬಿಕೆಯ ಪರೀಕ್ಷೆ. ಹೊಸ ಬಿಡಿಭಾಗ ಅಂದಮಾತ್ರಕ್ಕೆ ಒಳ್ಳೆಯದು ಎಂದು ನಂಬಬೇಡಿ; ತೆಗೆದ ಹಳೆಯ ಮೂಲ ಕಂಡೆನ್ಸರನ್ನು ಎಸೆಯಲೂ ಬೇಡಿ. ಎರಡನೆಯದು ಬ್ಯಾಟರಿಯ ವೋಲ್ಟೇಜನ್ನು ಕಿಡಿಗೆ ಬೇಕಾದಷ್ಟು ಏರಿಸುವ ಕಾಯಿಲ್. ಬ್ಯಾಲಸ್ಟ್ (ಕಾಯಿಲ್‌ಗೆ ಹೋಗುವ ಕರೆಂಟನ್ನು ಮಿತಗೊಳಿಸುವ ರೆಸಿಸ್ಟರ್) ಇಲ್ಲದ 12 ವೋಲ್ಟ್ ಕಾಯಿಲ್‌ನ ಪ್ರೈಮರಿ ಸುತ್ತಿನ ರೋಧ ಸುಮಾರು 3 ಓಮ್, ಬ್ಯಾಲಸ್ಟ್ ರೆಸಿಸ್ಟರ್ ಜೊತೆ ಬಳಸುವ ಕಾಯಿಲ್‌ನದು ಸುಮಾರು 1.5 ಓಮ್ ಇರುತ್ತದೆ. ಎರಡನೆಯ ಬಗೆಯದನ್ನು ರೆಸಿಸ್ಟರ್ ಇಲ್ಲದ ಗಾಡಿಗೆ ಹಾಕಿದರೆ ಕಾಯಿಲ್ ಮುಟ್ಟಲಾಗದಷ್ಟು ಕಾಯುತ್ತದೆ, ಪಾಯಿಂಟುಗಳೂ ಸುಡುತ್ತವೆ. ಹಿಂದಿನ ಮಾಲೀಕರು ಯಾವುದೋ ಕಾಯಿಲ್ ಹಾಕಿಸಿರುವ ಗಾಡಿಗಳಲ್ಲಿ ಇದು ಸಾಮಾನ್ಯ. ಮೀಟರ್ ಹಿಡಿದು ಅಳೆಯಲು ಎರಡು ನಿಮಿಷ ಸಾಕು.

ಪಾಯಿಂಟ್ ಗ್ಯಾಪನ್ನು ಫೀಲರ್ ಗೇಜಿನಲ್ಲಿ (ಸಂದು ಅಳೆಯುವ ತೆಳು ತಗಡುಗಳು) ನೋಡಿ. ಅನೇಕ ಗಾಡಿಗಳಲ್ಲಿ ಇದು 0.4 ಮಿ.ಮೀ. ಆಸುಪಾಸು, ನಿಮ್ಮ ಗಾಡಿಯ ಕೈಪಿಡಿಯ ಅಂಕಿಯೇ ಅಂತಿಮ. ತಿರುಗುತ್ತಾ ಪಾಯಿಂಟನ್ನು ತೆರೆಸುವ ಕ್ಯಾಮ್‌ಗೆ ತಾಗುವ ಪಾಯಿಂಟಿನ ಹಿಮ್ಮಡಿ ಸವೆದಂತೆ ಗ್ಯಾಪ್ ಕುಗ್ಗುತ್ತದೆ, ಪಾಯಿಂಟ್ ತಡವಾಗಿ ತೆರೆಯುತ್ತದೆ, ಟೈಮಿಂಗ್ (ಕಿಡಿ ಹಾರುವ ಗಳಿಗೆ) ಹಿಂದೆ ಬೀಳುತ್ತದೆ. ಟೈಮಿಂಗ್ ಹಿಂದೆ ಬಿದ್ದರೆ ಐಡ್ಲಿಂಗ್ ಇಳಿಯುವುದಲ್ಲದೆ ಎಂಜಿನ್ ಇನ್ನಷ್ಟು ಕಾಯುತ್ತದೆ. ಕ್ಯಾಮ್‌ಗೆ ಗ್ರೀಸ್ ಹಚ್ಚದೆ ಬಿಟ್ಟರೆ ಈ ಸವೆತ ಬೇಗ ಆಗುತ್ತದೆ. ಗ್ಯಾಪ್ ಸರಿಮಾಡಿದ ಮೇಲೆ ಟೈಮಿಂಗನ್ನು ಮತ್ತೆ ಹೊಂದಿಸಲೇಬೇಕು.

ಡಿಸ್ಟ್ರಿಬ್ಯೂಟರ್ ಒಳಗಿನ ಒಂದು ತಂತಿಯನ್ನು ಬಹಳ ಮಂದಿ ನೋಡುವುದೇ ಇಲ್ಲ. ಪಾಯಿಂಟ್ ಕೂರುವ ತಟ್ಟೆಗೆ ಅರ್ಥಿಂಗ್ ಕೊಡುವ ಸಣ್ಣ ಹೆಣೆದ ತಂತಿ ಅದು. ಎಂಜಿನ್‌ನ ಗಾಳಿ ಎಳೆತದಿಂದ ಕಿಡಿಯನ್ನು ಮುಂಚಿತವಾಗಿಸುವ ವ್ಯಾಕ್ಯೂಮ್ ಅಡ್ವಾನ್ಸ್ ತಟ್ಟೆಯನ್ನು ಎಳೆದಾಗಲೆಲ್ಲ ಬಾಗಿ ಬಾಗಿ ಕೊನೆಗೆ ಹರಿಯುತ್ತದೆ. ಸಿಗ್ನಲ್ ಬಿಟ್ಟು ಆಕ್ಸಿಲರೇಟರ್ ತುಳಿದ ಕ್ಷಣಕ್ಕೇ ಗಾಡಿ ನಿಂತರೆ ವ್ಯಾಕ್ಯೂಮ್ ಪೈಪ್ ಬಿಚ್ಚಿ, ಅದರ ಬಾಯಿ ಮುಚ್ಚಿ ಓಡಿಸಿ ನೋಡಿ. ದೋಷ ಮಾಯವಾದರೆ ಮೊದಲು ಆ ತಂತಿಯನ್ನು, ಆಮೇಲೆ ಅಡ್ವಾನ್ಸಿನ ಡಯಾಫ್ರಾಂ ಹರಿದಿದೆಯೇ ಎಂಬುದನ್ನು ನೋಡಿ.

ಇನ್ನು ಪೆಟ್ರೋಲ್. ಅದರ ಹಗುರ ಅಂಶಗಳು 35ರಿಂದ 40 ಡಿಗ್ರಿ ಸೆಲ್ಸಿಯಸ್‌ಗೇ ಆವಿಯಾಗಲು ಶುರುವಾಗುತ್ತವೆ, ಎಥನಾಲ್ ಬೆರೆತರೆ ಈ ಸ್ವಭಾವ ಇನ್ನೂ ಹೆಚ್ಚು. ಇಲ್ಲಿ ಎರಡು ಬೇರೆ ಬೇರೆ ತೊಂದರೆಗಳಿವೆ, ಪರಿಹಾರವೂ ಬೇರೆ. ಟ್ಯಾಂಕಿನಿಂದ ಪಂಪಿಗೆ ಬರುವ ಪೈಪಿನಲ್ಲಿ ಆವಿ ತುಂಬಿಕೊಂಡರೆ ಪಂಪು ಎಳೆಯಲಾರದೆ ಎಂಜಿನ್ ಹಸಿದು ನಿಲ್ಲುತ್ತದೆ. ಫ್ಲೋಟ್ ಬಟ್ಟಲು ಖಾಲಿ ಇರುತ್ತದೆ. ಪಂಪು ಮತ್ತು ಪೈಪಿನ ಮೇಲೆ ಒದ್ದೆ ಬಟ್ಟೆ ಹಾಕಿ. ಕೆಲವೇ ನಿಮಿಷದಲ್ಲಿ ಸ್ಟಾರ್ಟ್ ಆದರೆ ಕಾರಣ ಸಿಕ್ಕಿತು. ಪೈಪನ್ನು ಎಕ್ಸಾಸ್ಟ್ ಮ್ಯಾನಿಫೋಲ್ಡಿನಿಂದ ದೂರ ಹಾಯಿಸಿ, ಹತ್ತಿರ ಹೋಗಲೇಬೇಕಾದ ಕಡೆ ಶಾಖ ತಡೆಯುವ ತೋಳು ಹಾಕಿ.

ಎರಡನೆಯದರಲ್ಲಿ ಪೆಟ್ರೋಲ್ ಕಾರ್ಬುರೇಟರಿನ ಬಟ್ಟಲಲ್ಲೇ ಕುದಿದು ಮ್ಯಾನಿಫೋಲ್ಡಿಗೆ ಉಕ್ಕುತ್ತದೆ. ಆಫ್ ಮಾಡಿ ಹತ್ತು ನಿಮಿಷ ಬಿಟ್ಟು ಸ್ಟಾರ್ಟ್ ಮಾಡಲು ಹೋದರೆ ಗಪ್ಪೆಂದು ಪೆಟ್ರೋಲ್ ವಾಸನೆ ಬರುತ್ತದೆ, ಪ್ಲಗ್ ಒದ್ದೆ. ಆಗ ಚೋಕ್ ಎಳೆಯಬೇಡಿ. ಆಕ್ಸಿಲರೇಟರನ್ನು ಪೂರ್ತಿ ಒತ್ತಿ ಹಿಡಿದು ಸೆಲ್ಫ್ ಹೊಡೆಯಿರಿ, ಪದೇ ಪದೇ ತುಳಿಯಬೇಡಿ. ಕಾರ್ಬುರೇಟರಿನ ಕೆಳಗೆ ಬೇಕಲೈಟಿನ ದಪ್ಪ ಸ್ಪೇಸರ್ ಕೂರಿಸುವುದು, ಬಿಚ್ಚಿ ಎಸೆದಿರುವ ಹೀಟ್ ಶೀಲ್ಡನ್ನು ಮರಳಿ ಹಾಕುವುದು ಸರಿಯಾದ ದಾರಿ. ಸ್ಪೇಸರ್ ಹಾಕಿದರೆ ಆಕ್ಸಿಲರೇಟರ್ ಕೇಬಲಿನ ಉದ್ದ ಮತ್ತು ಬಾನೆಟ್ ತಾಗುವುದೇ ಎಂಬುದನ್ನು ನೋಡಿಕೊಳ್ಳಿ.

ಬಿಸಿಯ ಹಂಗಿಲ್ಲದೆ ನಿಲ್ಲುತ್ತಿದ್ದರೆ ಟ್ಯಾಂಕಿನ ಮುಚ್ಚಳ ತೆರೆಯಿರಿ. ಸುಯ್ಯೆಂದು ಗಾಳಿ ಒಳಗೆಳೆದುಕೊಂಡರೆ ಗಾಳಿಯ ರಂಧ್ರ ಮುಚ್ಚಿದೆ. ಐಡ್ಲಿಂಗ್ ಜೆಟ್ಟಿನಲ್ಲಿ ಕಸ ಕೂತರೆ ವೇಗದಲ್ಲಿ ಸರಿಯಿದ್ದು ಕಾಲು ಎತ್ತಿದ ಕೂಡಲೇ ನಿಲ್ಲುತ್ತದೆ. ತಂತಿ ತೂರಿಸದೆ ಗಾಳಿ ಊದಿ ಸ್ವಚ್ಛ ಮಾಡಿ. ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ಸುತ್ತ ನೀರು ಸಿಂಪಡಿಸಿದಾಗ ಎಂಜಿನ್ ಸದ್ದು ಬದಲಾದರೆ ಅಲ್ಲಿ ಗಾಳಿ ಸೋರುತ್ತಿದೆ. ಇದಕ್ಕೆ ಬಿಸಿ ಎಂಜಿನ್ ಮೇಲೆ ಕ್ಲೀನರ್ ಸ್ಪ್ರೇ ಹೊಡೆಯುವವರಿದ್ದಾರೆ, ಅದು ಬೆಂಕಿಗೆ ಆಹ್ವಾನ.

ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಎಲ್ಲ ಸರಿಯಾದ ಮೇಲೆ, ಎಂಜಿನ್ ಪೂರ್ತಿ ಕಾದು ಏರ್ ಫಿಲ್ಟರ್ ಹಾಕಿರುವಾಗ ಮಾತ್ರ ಐಡ್ಲಿಂಗನ್ನು ಕೈಪಿಡಿಯ ಅಂಕಿಗೆ ತನ್ನಿ. ನಂತರ ತೆರೆದ ಜಾಗದಲ್ಲಿ ಬಾನೆಟ್ ಮುಚ್ಚಿ, ಹೆಡ್‌ಲೈಟ್ ಹಾಕಿ, ಟೆಂಪರೇಚರ್ ಮುಳ್ಳಿನ ಮೇಲೆ ಕಣ್ಣಿಟ್ಟು 20 ನಿಮಿಷ ನಿಂತಲ್ಲೇ ಓಡಿಸಿ. ಆಫ್ ಮಾಡಿ, 10 ನಿಮಿಷ ಬಿಟ್ಟು ಸ್ಟಾರ್ಟ್ ಮಾಡಿ. ಆಗಲೂ ತಕ್ಷಣ ಸ್ಟಾರ್ಟ್ ಆಗಿ ಸಮವಾಗಿ ಓಡುತ್ತಿದ್ದರೆ ಗಾಡಿಯನ್ನು ಟ್ರಾಫಿಕ್‌ಗೆ ತೆಗೆದುಕೊಂಡು ಹೋಗಬಹುದು.