ನಿಘಂಟು ನಂಬಿ ‘ಮುಳ್ಳುಹಂದಿ’ ಎಂದು ಬರೆದಿದ್ದೆ

ಮಕ್ಕಳ ವಿಜ್ಞಾನ ಪುಸ್ತಕಗಳನ್ನು ಕನ್ನಡಕ್ಕೆ ತರುವುದು ನನ್ನ ಕೆಲಸ. ಮಡಗಾಸ್ಕರ್ ದ್ವೀಪದ ಪ್ರಾಣಿಗಳ ಪುಸ್ತಕವೊಂದು ಕೈಗೆ ಬಂತು. ಚಿತ್ರಗಳಿನ್ನೂ ಬಂದಿರಲಿಲ್ಲ, ಬರೀ ಪಠ್ಯ. ಅದರಲ್ಲಿ ‘ಲೆಸ್ಸರ್ ಹೆಡ್ಜ್‌ಹಾಗ್ ಟೆನ್ರೆಕ್’ ಎಂಬ ಹೆಸರು. ನಿಘಂಟಿನಲ್ಲಿ ಹೆಡ್ಜ್‌ಹಾಗ್ ಎಂದರೆ ಮುಳ್ಳುಹಂದಿ ಎಂದಿತ್ತು. ‘ಕಿರು ಮುಳ್ಳುಹಂದಿ’ ಎಂದು ಬರೆದು ಮುಂದೆ ಹೋದೆ.

ಕರಡು ತಿದ್ದುವ ಹಿರಿಯರಿಗೆ ಊರಲ್ಲಿ ತೋಟವಿದೆ. ಅವರು ಕೇಳಿದ್ದು ಒಂದೇ ಮಾತು: “ಇನ್ನೂರು ಗ್ರಾಂ ತೂಗುವ ಮುಳ್ಳುಹಂದಿಯನ್ನು ಎಲ್ಲಿ ನೋಡಿದ್ದೀಯಮ್ಮಾ?”

ನಮ್ಮ ತೋಟಕ್ಕೆ ನುಗ್ಗುವ ಮುಳ್ಳುಹಂದಿ ಹತ್ತು ಕಿಲೋ ದಾಟುತ್ತದೆ. ಇಲಿ, ಅಳಿಲುಗಳ ಬಳಗದ್ದು. ಮೇಲೆ ಬಿದ್ದ ನಾಯಿಯ ಮೂತಿಯಲ್ಲಿ ಅದರ ಮುಳ್ಳು ಕಿತ್ತುಬಂದು ನಿಲ್ಲುತ್ತದೆ. ಹೆಡ್ಜ್‌ಹಾಗ್ ಅದಲ್ಲ, ಬೆನ್ನ ತುಂಬ ಗಿಡ್ಡ ಮುಳ್ಳಿರುವ, ಹುಳುಹುಪ್ಪಟೆ ತಿನ್ನುವ ಪುಟ್ಟ ಪ್ರಾಣಿ. ತಮಿಳರು ಅದನ್ನು ‘ಮುಳ್ಳೆಲಿ’ ಎನ್ನುತ್ತಾರೆ. ಸರಿ, ‘ಮುಳ್ಳಿಲಿ’ ಎಂದು ತಿದ್ದಿದೆ.

ಅದೂ ತಪ್ಪೇ. ಈ ಸಲ ಕುಲಗೋತ್ರ ಓದಿದಾಗಲೇ ಗೊತ್ತಾಗಿದ್ದು. ಪುಸ್ತಕದ ಆ ಟೆನ್ರೆಕ್‌ನ ಕುಲ ಎಕೈನಾಪ್ಸ್. ಅದರಲ್ಲಿರುವುದು ಒಂದೇ ಪ್ರಭೇದ, ನೈಋತ್ಯ ಮಡಗಾಸ್ಕರಿನ ಒಣ ಕಾಡುಗಳದ್ದು. ನೋಡಲು ಥೇಟ್ ಹೆಡ್ಜ್‌ಹಾಗ್. ಬೆದರಿದರೆ ಉಂಡೆಯಾಗುತ್ತದೆ, ಮರವನ್ನೂ ಸಲೀಸಾಗಿ ಹತ್ತುತ್ತದೆ. ಆದರೆ ರಕ್ತಸಂಬಂಧ ಬೇರೆ. ಬಹುಕಾಲ ಇವೆರಡನ್ನೂ ಕೀಟಾಹಾರಿಗಳೆಂದು ಒಂದೇ ಗುಂಪಿನಲ್ಲಿಟ್ಟಿದ್ದರು. 1998ರಲ್ಲಿ ಡಿಎನ್‌ಎ ಆಧಾರದ ಮೇಲೆ ‘ಆಫ್ರೋಥೀರಿಯಾ’ ಎಂಬ ಹೊಸ ಗುಂಪು ಮಾಡಿದಾಗ ಟೆನ್ರೆಕ್ ಹೋಗಿ ಕೂತದ್ದು ಆನೆ, ಕಡಲಹಸು, ಗೆದ್ದಲು ತಿನ್ನುವ ಆಫ್ರಿಕಾದ ಆರ್ಡ್‌ವಾರ್ಕ್‌ಗಳ ಪಂಕ್ತಿಯಲ್ಲಿ. ಅಂಗೈಯಲ್ಲಿ ಕೂರುವ ಪ್ರಾಣಿ ಆನೆಯ ದೂರದ ನೆಂಟ! ಮುಳ್ಳು ಎರಡು ಕಡೆ ಬೇರೆ ಬೇರೆಯಾಗಿ ಹುಟ್ಟಿದ ರಕ್ಷಾಕವಚ. ಇದನ್ನು ನಾನು ಇಲಿಯನ್ನಾಗಿಯೋ ಹಂದಿಯನ್ನಾಗಿಯೋ ಮಾಡಿದ್ದರೆ ಓದುವ ಮಗುವಿಗೆ ಈ ಬೆರಗೇ ಸಿಗುತ್ತಿರಲಿಲ್ಲ.

‘ಟೆನ್ರೆಕ್’ ಎಂದೇ ಉಳಿಸಿದೆ. ‘ಕಿರಿಯ ಮುಳ್ಳು ಟೆನ್ರೆಕ್’. ಇಡೀ ಅಧ್ಯಾಯವನ್ನು ಮತ್ತೆ ಮೊದಲಿನಿಂದ ಮಾಡಿದೆ. ಚಳಿಗಾಲದಲ್ಲಿ ಅದು ತಿಂಗಳುಗಟ್ಟಲೆ ಜಡನಿದ್ದೆಗೆ ಜಾರುತ್ತದೆ, ಮೈಬಿಸಿ ಸುತ್ತಲಿನ ಗಾಳಿಯಷ್ಟಕ್ಕೇ ಇಳಿಯುತ್ತದೆ ಎಂದು ಮೂಲದಲ್ಲಿತ್ತು. ನಮ್ಮ ಮಕ್ಕಳು ಚಳಿಗಾಲವೆಂದರೆ ಡಿಸೆಂಬರ್ ಅಂದುಕೊಳ್ಳುತ್ತಾರೆ. ಭೂಮಧ್ಯರೇಖೆಯ ದಕ್ಷಿಣಕ್ಕಿರುವ ಮಡಗಾಸ್ಕರಿನಲ್ಲಿ ಅದು ಬೇರೆ ಹೊತ್ತಿಗೆ. ಹಾಗಾಗಿ ‘ನಮ್ಮಲ್ಲಿ ಮಳೆ ಸುರಿಯುವ ಜೂನ್, ಜುಲೈ ಹೊತ್ತಿಗೆ’ ಎಂದು ಸೇರಿಸಿದೆ.

ಈಗ ಹೆಸರಿಗೆ ಕೈ ಹಾಕುವ ಮೊದಲು ಚಿತ್ರ ತರಿಸಿಕೊಳ್ಳುತ್ತೇನೆ. ತೂಕ, ಹಲ್ಲು, ಬಳಗ ನೋಡುತ್ತೇನೆ. ಅದೇ ಪುಸ್ತಕದಲ್ಲಿ ಪಟ್ಟೆ ಟೆನ್ರೆಕ್ ಕೂಡ ಇತ್ತು. ಬೆನ್ನಿನ ಮುಳ್ಳುಗಳನ್ನು ಒಂದಕ್ಕೊಂದು ಉಜ್ಜಿ ಸದ್ದು ಹೊರಡಿಸಿ ತಾಯಿ ಮರಿಗಳ ಜೊತೆ ಮಾತಾಡುತ್ತದೆ. ಆ ಸದ್ದಿಗೆ ಪದ ಹುಡುಕುತ್ತ ಎರಡು ದಿನ ಕೂತೆ. ಕೊನೆಗೆ ‘ಜೀರುಂಡೆ ಕಿರ್ರೆಂದ ಹಾಗೆ’ ಎಂದು ಬರೆದೆ. ಹಿರಿಯರು ಆ ಸಾಲನ್ನು ಮುಟ್ಟಲಿಲ್ಲ.